ಇಳಿಜಾರಿನ ಓಕ್ ಕಾಡಿನಲ್ಲಿ ವೃತ್ತ ಹಾಕಿದ್ದು

ಉತ್ತರಾಖಂಡದ ಕುಮಾವೂನಿನಲ್ಲಿ, ಬಾಂಜ್ ಎಂಬ ಓಕ್ ಮರದ ಕಾಡಿನಲ್ಲಿ, ಮರ ಎಣಿಸಿ ಅಳೆಯಲು ಚೌಕ ಬಿಟ್ಟು ನೆಲದ ಮೇಲೆ ವೃತ್ತ ಹಾಕುತ್ತೇನೆ ಎಂದಾಗ ಜೊತೆಯವರೆಲ್ಲ ನಕ್ಕರು. ಚೌಕ ಹಾಕಿ ಪಡೆದ ಹಳೆಯ ಅಂಕಿಗಳೊಂದಿಗೆ ಹೋಲಿಸುವುದು ಹೇಗೆ ಎಂಬುದು ಅವರ ತಕರಾರು. ವಿಸ್ತೀರ್ಣ ಒಂದೇ ಇದ್ದರೆ ಸಾಂದ್ರತೆ ಹೋಲಿಸಲು ಅಡ್ಡಿಯೇನು? ಈಗ ನಕ್ಕವರಲ್ಲೇ ಕೆಲವರು ನನ್ನ ಅಳತೆಗಳನ್ನು ಬರೆದುಕೊಂಡು ಹೋಗಿದ್ದಾರೆ.

30 ಡಿಗ್ರಿ ಇಳಿಜಾರಿನಲ್ಲಿ ನೆಲಕ್ಕೆ ಹಾಸಿದ 10 ಮೀಟರ್ ಹಗ್ಗ ನಕ್ಷೆಯಲ್ಲಿ 8.66 ಮೀಟರ್ ಅಷ್ಟೇ. ಅದನ್ನು ಸರಿದೂಗಿಸಿ ಚೌಕದ ನಾಲ್ಕು ಮೂಲೆ ಕೂಡಿಸುವಷ್ಟರಲ್ಲಿ ಒಂದು ಗೂಟ ಜಾರಿತೆಂದರೆ ಮತ್ತೆ ಮೊದಲಿನಿಂದ. ಹದಿನೆಂಟು ಸಾವಿರದಷ್ಟು ಸುರಿದು ಲೇಸರ್ ಮಾಪಕ ತಂದೆ. ಅಡ್ಡ ಬಂದ ಮೊದಲ ಎಲೆಯ ದೂರವನ್ನೇ ಅದು ನಿಷ್ಠೆಯಿಂದ ತೋರಿಸುತ್ತಿತ್ತು. ಅಗ್ಗದ ನೈಲಾನ್ ಹಗ್ಗ ಒದ್ದೆಯಾಗಿ ಹಿಗ್ಗಿತು. ಕಡೆಗೆ ಉಳಿದದ್ದು ಫೈಬರ್‌ಗ್ಲಾಸ್ ಟೇಪು ಮತ್ತು ಒಂದು ಕೋಲು.

ನಡುವೆ ಕೋಲು ನೆಟ್ಟು ಅಲ್ಲಿಂದ ಇಳಿಜಾರಿಗೆ ಅಡ್ಡಕ್ಕೆ 5.64 ಮೀಟರ್, ಅದೇ ಇಳಿಜಾರಿನಲ್ಲಿ ಮೇಲಕ್ಕೂ ಕೆಳಕ್ಕೂ 6.51. ನೂರು ಚದರ ಮೀಟರ್ ಸಿಕ್ಕಿತು. ನಡುವಿನ ದಿಕ್ಕುಗಳಲ್ಲಿ ಅಂಚಿನ ಮರಗಳನ್ನು ಮಾತ್ರ ಆ ದಿಕ್ಕಿನ ಇಳಿಜಾರಿನ ಕೋನ ಹಿಡಿದು ನೋಡಿದರಾಯಿತು. ಪೊದೆಗಳಿಗೆ 2.82 ಮೀಟರ್ ತ್ರಿಜ್ಯ ಸಾಕು. ಹುಲ್ಲು, ಎಳೆಸಸಿಗಳ ಒಂದು ಚದರ ಮೀಟರನ್ನು ಮಾತ್ರ ಕೋಲಿನ ಬುಡದಲ್ಲಿ ಹಾಕಬೇಡಿ, ಅಲ್ಲಿ ನಮ್ಮ ಬೂಟುಗಳೇ ಮೇದಿರುತ್ತವೆ. ರಿಂಗಾಲ್ ಬಿದಿರಿನ ಮೆಳೆಯೊಳಗೆ ಟೇಪು ತೂರಿಸುವ ಉಪಾಯ ಸದ್ಯಕ್ಕೆ ನನ್ನ ಬಳಿಯೇ ಇರಲಿ.

ಕಡಿದು ಚಿಗುರಿದ ಬಾಂಜ್‌ಗೆ, ಸುತ್ತಳತೆ ಹಿಡಿಯುವ ಎದೆಮಟ್ಟಕ್ಕಿಂತ ಕೆಳಗೇ ಮೂರು ನಾಲ್ಕು ಕಾಂಡ. ಸುತ್ತಳತೆ ಕೂಡಿಸಿ ಆಮೇಲೆ ಕಾಂಡದ ಅಡ್ಡಕೊಯ್ತದ ವಿಸ್ತೀರ್ಣ ತೆಗೆಯುವವರನ್ನು ಇಂದಿಗೂ ನೋಡುತ್ತೇನೆ. 40 ಸೆಂಟಿಮೀಟರ್ ಸುತ್ತಳತೆಯ ಎರಡು ಕಾಂಡಗಳನ್ನು 80 ಎಂದು ಬರೆದರೆ ಉತ್ತರ ಸರಿಯಾಗಿ ದುಪ್ಪಟ್ಟಾಗುತ್ತದೆ, ಯಾವ ಮರ ಎಷ್ಟು ಎಂಬ ಪಟ್ಟಿಯಲ್ಲಿ ಬಾಂಜ್ ತುದಿಗೇರಿ ಕೂರುತ್ತದೆ. ಕಾಂಡಕ್ಕೊಂದು ಲೆಕ್ಕ ಮಾಡಿ, ನಂತರ ಕೂಡಿಸಿ.

ಹೀಗೆ ಎಣಿಸಿದಾಗ ಊರಿನ ಪಕ್ಕದ ಕಾಡು ಬೇರೆಯೇ ಕಂಡಿತು. ದಪ್ಪ ಬಾಂಜ್‌ಗಳು ಇದ್ದವು, ಅಲ್ಲಲ್ಲಿ ಬುರಾಂಶ್ ಮತ್ತು ಕಾಫಲ್ ಮರಗಳು. ಆದರೆ ಸಣ್ಣ ಸುತ್ತಳತೆಯ ಸಾಲಿನಲ್ಲಿ ತುಂಬಿದ್ದು ಹೆಚ್ಚಾಗಿ ಅಯಾರ್ ಎಂಬ ಮರ. ಅದರ ಎಲೆ ಜಾನುವಾರಿಗೆ ವಿಷ, ಮೇವಿಗೆ ಕೊಯ್ಯುವವರಿಲ್ಲ. ಬಾಂಜ್ ಎಳೆಯದಾಗಿರುವಾಗಲೇ ಕುಡುಗೋಲಿಗೆ ಸಿಗುತ್ತದೆ. ಬಾಂಜ್ ಮತ್ತು ಇನ್ನೊಂದು ಓಕ್ ಆದ ತಿಲೋಂಜ್ ನಡುವೆ ಅನುಮಾನ ಬಂದರೆ ಎಲೆ ಮಗುಚಿ: ಬಾಂಜ್‌ನ ಬೆನ್ನು ಬಿಳಿ ನವಿರಿನಿಂದ ಮಂಕಾಗಿರುತ್ತದೆ, ತಿಲೋಂಜ್ ಎರಡೂ ಕಡೆ ನುಣುಪು.

ನಡುವೆ ಬಾಂಜ್ ಕಾಯಿಗಳನ್ನು ನೀರಿಗೆ ಹಾಕಿಯೂ ನೋಡಿದೆ. ತೇಲಿದವು ಹುಳುಕು, ಎಸೆಯಿರಿ ಎನ್ನುತ್ತಾರೆ. ಎಸೆಯದೆ ಬಿತ್ತಿದೆ, ನೆನಪಿನಂತೆ ಹತ್ತರಲ್ಲಿ ಒಂದೆರಡು ಮೊಳೆತವು, ಭ್ರೂಣದ ತುದಿ ಹುಳುವಿಗೆ ಸಿಗದವು ಇರಬೇಕು. ಮುಂದಿನ ಸರದಿ ತಿಲೋಂಜ್ ಕಾಯಿಗಳದ್ದು.