ಸೋಮವಾರದಿಂದ ಶುರುವಾದ ಲೆಕ್ಕ: ಮುಂಬೈಯಲ್ಲಿ ನಮ್ಮ ಒಂದು ವಾರ

ಮಗಳ ಶಾಲೆಗೆ ಡಿಸೆಂಬರ್‌ನಲ್ಲಿ ಒಂದು ವಾರ ರಜೆ. ಧಾರವಾಡದಿಂದ ಮುಂಬೈಗೆ ಹೋಗಿ ಬರೋಣ ಅಂತ ತೀರ್ಮಾನ ಆಯ್ತು. ನಾನು, ನನ್ನ ಯಜಮಾನರು, ಹನ್ನೊಂದು ವರ್ಷದ ಮಗಳು ಮತ್ತು ಮಂಡಿನೋವಿರುವ ಅತ್ತೆ. ಅತ್ತೆಗೆ ಮುಂಬೈ ನೋಡುವ ಆಸೆ ಮೂವತ್ತು ವರ್ಷದ್ದು. ಹಾಗಾಗಿ ಇದನ್ನು ಸುಮ್ನೆ ಒಂದು ಪ್ರವಾಸ ಅಂತ ಬಿಡೋಕೆ ನನಗೆ ಮನಸ್ಸಿರಲಿಲ್ಲ.

ಮೊದಲ ಸಲ ಎಲ್ಲರೂ ಮಾಡುವ ಹಾಗೆ ನೋಡಬೇಕಾದ ಜಾಗಗಳ ಪಟ್ಟಿ ಮಾಡಿ, ದಿನಕ್ಕೆ ಮೂರರಂತೆ ಹಂಚಿದೆ. ಸೋಮವಾರಕ್ಕೆ ಎಲಿಫೆಂಟಾ ಬಂತು. ರಾತ್ರಿ ಮಲಗುವ ಮುಂಚೆ ಇನ್ನೊಮ್ಮೆ ನೋಡಿದರೆ ಸೋಮವಾರ ಎಲಿಫೆಂಟಾ ಗುಹೆಗಳಿಗೆ ರಜೆ. ಬೋರಿವಲಿಯ ರಾಷ್ಟ್ರೀಯ ಉದ್ಯಾನಕ್ಕೂ ರಜೆ, ಅದರೊಳಗಿರುವ ಕಾನ್ಹೇರಿ ಗುಹೆಗಳಿಗೂ ರಜೆ. ಅತ್ತೆಯನ್ನು ಕರೆದುಕೊಂಡು ಹೋಗಬೇಕು ಅಂದುಕೊಂಡಿದ್ದ ಮಾಟುಂಗಾದ ಊಟದ ಮನೆಗೂ ಅವತ್ತೇ ರಜೆ. ಪಟ್ಟಿ ಹರಿದು ಹಾಕಿದೆ.

ಎರಡನೇ ಸಲ ಸೋಮವಾರದಿಂದಲೇ ಶುರು ಮಾಡಿದೆ. ಬಾಗಿಲೇ ಇಲ್ಲದ ಜಾಗಗಳು ಯಾವುವು? ಬಾಣಗಂಗಾ ಕೆರೆ, ಕಮಲಾ ನೆಹರು ಪಾರ್ಕ್, ಮರೀನ್ ಡ್ರೈವ್, ಗಿರಗಾಂವ್ ಚೌಪಾಟಿ. ನಾಲ್ಕೂ ಒಂದೇ ಕಡೆಗಿವೆ. ಸೋಮವಾರ ಅವಕ್ಕೆ ಹೋಯ್ತು. ಮಂಗಳವಾರ ಸಿದ್ಧಿವಿನಾಯಕನ ಗುಡಿಯಲ್ಲಿ ವಿಪರೀತ ಜನ, ಆದ್ದರಿಂದ ಅದು ಗುರುವಾರಕ್ಕೆ. ಭಾನುವಾರ ಹಳಿ ರಿಪೇರಿಗೆ ಅಂತ ಲೋಕಲ್ ರೈಲುಗಳನ್ನು ಕೆಲವು ಗಂಟೆ ನಿಲ್ಲಿಸುತ್ತಾರೆ, ಅಲ್ಲಿನವರು ಅದಕ್ಕೆ ಮೆಗಾ ಬ್ಲಾಕ್ ಅನ್ನುತ್ತಾರೆ. ಆದರೆ ಅವತ್ತೇ ದಕ್ಷಿಣ ಮುಂಬೈಯ ಫೋರ್ಟ್ ಬಡಾವಣೆ ಕಡೆಯ ಆಫೀಸುಗಳೆಲ್ಲ ಮುಚ್ಚಿ ರಸ್ತೆ ಖಾಲಿ ಇರುತ್ತದೆ. ಆದ್ದರಿಂದ ಭಾನುವಾರ ಬಸ್ಸಿನಲ್ಲಿ ಫೋರ್ಟ್. ಹೀಗೆ ವಾರದ ದಿನಗಳೇ ನಮಗೆ ದಾರಿ ತೋರಿಸಿದವು.

ಇನ್ನೊಂದು ಲೆಕ್ಕ ರೈಲಿನದು. ಮುಂಬೈ ಉದ್ದಕ್ಕೆ ಚಾಚಿದ ಊರು. ಬೆಳಿಗ್ಗೆ ಎಲ್ಲರೂ ದಕ್ಷಿಣಕ್ಕೆ ಕೆಲಸಕ್ಕೆ ಹೋಗುತ್ತಾರೆ, ಸಂಜೆ ಉತ್ತರಕ್ಕೆ ಮನೆಗೆ ಬರುತ್ತಾರೆ. ನಾವು ಬೆಳಿಗ್ಗೆ ಬೇಗ ಹೊರಡುವ ದಿನ ಉತ್ತರಕ್ಕೆ, ದಕ್ಷಿಣಕ್ಕೆ ಹೋಗುವುದಿದ್ದರೆ ಹನ್ನೊಂದರ ಮೇಲೆ ಅಥವಾ ಏಳಕ್ಕೂ ಮುಂಚೆ ಅಂತ ಇಟ್ಟುಕೊಂಡೆವು. ವಾಪಸ್ ಬರುವುದು ಐದರ ಒಳಗೆ, ಇಲ್ಲಾಂದ್ರೆ ಎಂಟೂವರೆ ಆದಮೇಲೆ. ಇಷ್ಟು ಮಾಡಿದ್ದಕ್ಕೇ ಅತ್ತೆಗೆ ಹೆಚ್ಚಿನ ಸಲ ಲೇಡೀಸ್ ಡಬ್ಬಿಯಲ್ಲಿ ಕೂರಲು ಜಾಗ ಸಿಕ್ಕಿತು. ದಾದರಿನಿಂದ ಸಿಎಸ್‌ಎಂಟಿಗೆ, ಅಂದರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ಗೆ, ಎರಡನೇ ದರ್ಜೆ ಟಿಕೆಟ್ ಬರೀ 5 ರೂಪಾಯಿ. ಜಾಸ್ತಿ ಓಡಾಡುವವರಿಗೆ ಒಂದು, ಮೂರು, ಐದು ದಿನದ ಟೂರಿಸ್ಟ್ ಟಿಕೆಟ್ ಕೂಡ ಇದೆ. ನಾವು ಅದನ್ನು ತೆಗೆದುಕೊಳ್ಳಲಿಲ್ಲ, ಅರ್ಧ ಓಡಾಟ ಬಸ್ಸಿನಲ್ಲೇ ಆಯ್ತು. 2025ರಿಂದ ನೆಲದಡಿಯ ಮೆಟ್ರೋ ದಕ್ಷಿಣ ತುದಿಯ ಕಫ್ ಪರೇಡ್‌ವರೆಗೂ ಓಡುತ್ತಿದೆ. ಮಂಡಿನೋವಿನವರು ಜೊತೆಗಿದ್ದರೆ ಅದರ ಲಿಫ್ಟ್ ತುಂಬಾ ಅನುಕೂಲ.

ದಾದರಿನಲ್ಲೇ ಲಾಡ್ಜ್ ಹಿಡಿದೆವು. ಪಶ್ಚಿಮ ಲೈನು, ಮಧ್ಯ ಲೈನು ಎರಡೂ ಅಲ್ಲಿ ಸೇರುತ್ತವೆ. ಕೋಣೆಗೆ ದಿನಕ್ಕೆ 2,800 ರೂಪಾಯಿ, ಆರು ರಾತ್ರಿ. ಇಡೀ ಪ್ರವಾಸದಲ್ಲಿ ದೊಡ್ಡ ಖರ್ಚು ಇದೊಂದೇ. ಶನಿವಾರ ಬೆಳಿಗ್ಗೆ ರೈಲು ಇಳಿದಾಗ ಲಾಡ್ಜಿನವರು ಮಧ್ಯಾಹ್ನದ ತನಕ ಕೋಣೆ ಇಲ್ಲ ಅಂದರು, ಬೇಕಾದರೆ ಅರ್ಧ ದಿನದ ಬಾಡಿಗೆ ಕೊಡಿ ಅಂದರು. ನಾವು ಸ್ಟೇಷನ್ನಿನ ಕ್ಲೋಕ್ ರೂಮಿನಲ್ಲಿ ಸಾಮಾನು ಇಟ್ಟು ಹೊರಟೆವು. ಅಲ್ಲಿ ಬೀಗ ಹಾಕದ ಬ್ಯಾಗನ್ನು ತೆಗೆದುಕೊಳ್ಳುವುದಿಲ್ಲ. ಊರಿನಿಂದಲೇ ಸಣ್ಣ ಬೀಗ ಒಯ್ದಿದ್ದು ಒಳ್ಳೆಯದಾಯ್ತು.

ಈಗ ಊಟದ ವಿಷಯ. ನಾಲ್ಕು ಜನಕ್ಕೆ ದಿನಕ್ಕೆ 1,200 ರೂಪಾಯಿ ದಾಟಬಾರದು ಅಂತ ಇಟ್ಟುಕೊಂಡಿದ್ದೆ. ಬೆಳಿಗ್ಗೆ ಕಾಂದಾ ಪೋಹೆ ಅಥವಾ ವಡಾ ಪಾವ್. ಮಧ್ಯಾಹ್ನ ಹೊಟ್ಟೆ ತುಂಬ ಒಂದು ಊಟ. ರಾತ್ರಿ ಹಗುರಾಗಿ, ಹಂಚಿಕೊಂಡು. ಮಧ್ಯಾಹ್ನದ ಊಟಕ್ಕೆ ದುಡಿಯುವ ಜನ ಎಲ್ಲಿ ಹೋಗುತ್ತಾರೋ ಅಲ್ಲಿಗೇ ಹೋಗಬೇಕು, ಅದೂ ಹನ್ನೆರಡೂವರೆಗೆ ಮುಂಚೆ. ಒಂದು ಗಂಟೆ ಆಯ್ತೆಂದರೆ ಸಾಲು ಬೀದಿಗೆ ಬರುತ್ತದೆ.

ಮೊದಲ ಊಟ ಮಾಟುಂಗಾ ಸ್ಟೇಷನ್ ಪಕ್ಕದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ. ಎ. ರಾಮ ನಾಯಕ್ ಅವರು 1942ರಲ್ಲಿ ಶುರು ಮಾಡಿದ್ದು. ಮಹಡಿ ಹತ್ತಬೇಕು, ಅತ್ತೆಗೆ ಸ್ವಲ್ಪ ಕಷ್ಟವಾಯ್ತು. ಆದರೆ ಬಾಳೆಲೆ ಮುಂದೆ ಕೂತು, ಬಿಸಿ ಅನ್ನದ ಗುಂಡಿಯಲ್ಲಿ ಸಾರು ಇಳಿಯುವುದನ್ನು ನೋಡಿದ ಮೇಲೆ ಅವರ ಮುಖವೇ ಬೇರೆಯಾಯ್ತು. ಬಡಿಸುವವರು ನಮ್ಮ ಮಾತು ಕೇಳಿ ಕನ್ನಡದಲ್ಲೇ "ಇನ್ನೊಂಚೂರು ಹಾಕ್ಲಾ ಅಮ್ಮ?" ಅಂದರು. ಕರಾವಳಿಯಿಂದ ಹೋದ ಜನ ಆ ಊರಿಗೆ ಎಂಥಾ ಊಟ ಹಾಕಿದ್ದಾರೆ ಅನ್ನುವುದು ಅಲ್ಲಿ ಕೂತರೆ ಗೊತ್ತಾಗುತ್ತದೆ.

ಆದರೆ ಮೂರನೇ ದಿನಕ್ಕೆ ಅತ್ತೆಗೆ ರೊಟ್ಟಿ ನೆನಪಾಯ್ತು. "ಅನ್ನ ಎಷ್ಟಂತ ತಿನ್ನೂದ ವೈನಿ?" ಅಂತ ಪಕ್ಕದ ಕೋಣೆಯ ಸೊಲ್ಲಾಪುರದ ಅಜ್ಜಿಗೆ ಕೇಳಿದರಂತೆ. ಆಕೆಯೇ ಗಿರಗಾಂವ್‌ನಲ್ಲಿ ಒಂದು ಖಾನಾವಳಿ ಹೇಳಿದರು. ನಮ್ಮ ಕಡೆ ಖಾನಾವಳಿ ಅನ್ನುತ್ತೇವಲ್ಲ, ಅದೇ ಶಬ್ದ, ಅದೇ ಬಗೆಯ ಜಾಗ. ನಾಲ್ಕು ಮೇಜು, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಅವತ್ತಿನ ಅಡುಗೆ. ಜೋಳದ ಭಾಕರಿ, ಕಡಲೆಹಿಟ್ಟಿನ ಝುಣಕಾ, ಹಸಿಮೆಣಸಿನಕಾಯಿ ಠೇಚಾ, ಕಚ್ಚಾ ಈರುಳ್ಳಿ. ಭಾಕರಿ ನಮ್ಮ ರೊಟ್ಟಿಗಿಂತ ದಪ್ಪ. ಝುಣಕಾ ನಮ್ಮ ಜುಣಕವೇ, ಸ್ವಲ್ಪ ಸಡಿಲ. ಅತ್ತೆ ಭಾಕರಿ ಮುರಿದು, ಮೂಗಿನ ಹತ್ತಿರ ಹಿಡಿದು, "ಬಿಳಿಜ್ವಾಳನ ಐತಿ" ಅಂತ ಹೇಳಿ ಆಮೇಲೆ ಬಾಯಿಗಿಟ್ಟರು. ನಾಲ್ಕು ಜನದ ಊಟ 480 ರೂಪಾಯಿ. ಆ ವಾರದಲ್ಲಿ ಮೂರು ಸಲ ಅಲ್ಲಿಗೇ ಹೋದೆವು.

ಮಂಗಳವಾರದ ಕಾನ್ಹೇರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು, ಗೇಟಿನಿಂದ ದೂರ, ಒಳಗಿನ ಬಸ್ಸೇ ಗತಿ. ಉದ್ಯಾನಕ್ಕೆ ಒಂದು ಟಿಕೆಟ್, ಗುಹೆಗೆ ಇನ್ನೊಂದು. ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿಗಳನ್ನು ಮಾತ್ರ ತಪ್ಪದೆ ನೋಡಿ.

ಬುಧವಾರ ಎಲಿಫೆಂಟಾ. ಏಳಕ್ಕೂ ಮುಂಚೆ ಹೊರಟು, ಫೋರ್ಟ್‌ನಲ್ಲಿ ತಿಂಡಿ ತಿಂದು, ಗೇಟ್‌ವೇ ಆಫ್ ಇಂಡಿಯಾದಿಂದ ಒಂಬತ್ತರ ಮೊದಲ ದೋಣಿ ಹಿಡಿದೆವು. ಸುಮಾರು ಒಂದು ಗಂಟೆಯ ದಾರಿ. ದೋಣಿಯ ಟಿಕೆಟ್ ಹೋಗಿ ಬರುವುದಕ್ಕೂ ಸೇರಿ ಇರುತ್ತದೆ, ವಾಪಸ್ ಬರುವ ತನಕ ಜೋಪಾನ. ದಡದಿಂದ ಮೆಟ್ಟಿಲ ಬುಡದವರೆಗೆ ಆಟಿಕೆಯಂಥ ಪುಟ್ಟ ರೈಲಿದೆ. ಆಮೇಲೆ ಸುಮಾರು 120 ಮೆಟ್ಟಿಲು. ಡೋಲಿ ಹೊರುವವರಿದ್ದಾರೆ, ಅತ್ತೆ ಬೇಡ ಅಂದರು. ಇಪ್ಪತ್ತು ಮೆಟ್ಟಿಲಿಗೊಮ್ಮೆ ಅಂಗಡಿ ಪಕ್ಕದಲ್ಲಿ ಕೂತು, ಮುಕ್ಕಾಲು ಗಂಟೆಯಲ್ಲಿ ಹತ್ತಿಸಿದೆವು. ಗುಹೆಗೆ ತಲಾ 40 ರೂಪಾಯಿ, ಹದಿನೈದು ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಕೈಯಲ್ಲಿ ತಿಂಡಿ, ನೀರಿನ ಬಾಟಲಿ ಕಾಣಿಸಿದರೆ ಕೋತಿ ಕಸಿಯುತ್ತದೆ, ಎಲ್ಲ ಚೀಲದೊಳಗಿರಲಿ.

ದೊಡ್ಡ ಗುಹೆಯ ಒಳಗೆ ಮೊದಲು ಏನೂ ಕಾಣಲಿಲ್ಲ. ಕಣ್ಣು ಹೊಂದಿಕೊಂಡ ಮೇಲೆ ಹಿಂಬದಿಯ ಗೋಡೆಯಲ್ಲಿ ಸದಾಶಿವ ನಿಧಾನಕ್ಕೆ ಎದ್ದು ಬಂದ. ಮೂರು ಮುಖ, ಸುಮಾರು 20 ಅಡಿ ಎತ್ತರ. ಒಂದು ಮುಖದಲ್ಲಿ ಸಿಟ್ಟು, ಇನ್ನೊಂದು ಹೆಣ್ಣಿನ ಹಾಗೆ ಮೃದು, ನಡುವಿನದು ಕಣ್ಣು ಮುಚ್ಚಿ ಸುಮ್ಮನಿದೆ. ಬೆಳಕು ಬದಿಯಿಂದ ಬರುತ್ತದೆ, ಹಾಗಾಗಿ ನಿಂತ ಜಾಗ ಬದಲಾದರೆ ಮುಖವೂ ಬದಲಾಗುತ್ತದೆ. ಬಾದಾಮಿ ನೋಡಿದ ಕಣ್ಣಿಗೆ ಅದು ಹೊಸದಲ್ಲ, ಆದರೂ ಮಾತು ನಿಂತುಹೋಯ್ತು. ಐಹೊಳೆಯ ಶಾಸನದಲ್ಲಿ ಇಮ್ಮಡಿ ಪುಲಕೇಶಿ ಗೆದ್ದ 'ಪುರಿ' ಈ ಘಾರಾಪುರಿ ದ್ವೀಪವೇ ಇರಬೇಕು ಅನ್ನುವ ವಿದ್ವಾಂಸರೂ ಇದ್ದಾರೆ. ಅದನ್ನು ಮಗಳಿಗೆ ಹೇಳಿದೆ. ಅವಳು ಅಜ್ಜಿಯ ಕೈ ಹಿಡಿದು ಮುಖ ನೋಡುತ್ತಲೇ ಇದ್ದಳು. ಇಂಥ ಜಾಗಕ್ಕೆ ದಿನದಲ್ಲಿ ಇನ್ನೊಂದು ಜಾಗ ಸೇರಿಸಬೇಡಿ. ನಾವು ವಾಪಸ್ ಬಂದು ಪಾವ್ ಭಾಜಿ ತಿಂದು ಮಲಗಿದೆವು.

ಹಾಜಿ ಅಲಿ ದರ್ಗಾಕ್ಕೆ ಹೋಗುವ ದಿನ ಮಾತ್ರ ಗಡಿಯಾರದ ಬದಲು ಸಮುದ್ರವನ್ನು ಕೇಳಬೇಕು. ದರ್ಗಾ ಇರುವುದು ಸಮುದ್ರದೊಳಗೆ, ಭರತದ (ಉಬ್ಬರದ) ಹೊತ್ತಿಗೆ ಅಲ್ಲಿಗೆ ನಡೆದು ಹೋಗುವ ದಾರಿ ಮುಳುಗುತ್ತದೆ. ದಿನಕ್ಕೆ ಎರಡು ಭರತ, ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತದೆ, ಹಾಗಾಗಿ ನಿನ್ನೆಯ ಸಮಯ ಇವತ್ತಿಗೆ ಬರುವುದಿಲ್ಲ. ಗುರುವಾರ ಸಿದ್ಧಿವಿನಾಯಕನಿಂದ ಅಲ್ಲಿಗೆ ಹೋದಾಗ ನೀರು ಇನ್ನೂ ಇಳಿಯುತ್ತಿತ್ತು. ಕಟಿಂಗ್ ಚಹಾ ಕುಡಿಯುತ್ತ ಕಾದೆವು. ಒದ್ದೆ ದಾರಿ ಹೊಳೆಯುತ್ತ ಮೇಲೆ ಬಂದಾಗ ಮಗಳು ಎದ್ದು ಓಡಿದಳು.

ಕೊನೆಯ ದಿನ ನಸುಕಿನಲ್ಲಿ ದಾದರಿನ ಹೂವಿನ ಮಾರ್ಕೆಟ್, ಮಧ್ಯಾಹ್ನ ಧೋಬಿ ತಲಾವ್‌ನ ಕಯಾನಿಯಲ್ಲಿ ಬನ್ ಮಸ್ಕಾ. 1904ರ ಇರಾನಿ ಹೋಟೆಲ್ಲು ಅದು. ರಾತ್ರಿ ರೈಲಿನಲ್ಲಿ ಪುಸ್ತಕ ತೆಗೆದು ಕೂಡಿಸಿದೆ. ಏಳು ದಿನದ ಊಟ ತಿಂಡಿ 8,150 ರೂಪಾಯಿ. ಅತ್ತೆ ಚೀಲದಿಂದ ಕಾಗದದ ಪೊಟ್ಟಣ ಬಿಚ್ಚಿದರು. ಖಾನಾವಳಿಯಿಂದ ಕಟ್ಟಿಸಿಕೊಂಡು ಬಂದ ಭಾಕರಿ, ಎಂಟು. ಅದರ ದುಡ್ಡು ಅವರೇ ಕೊಟ್ಟಿದ್ದರು, ನನ್ನ ಲೆಕ್ಕದಲ್ಲಿ ಇರಲಿಲ್ಲ.