ಸಂಜೆಯ ‘ಏನು ಮಾಡೋದು?’ಗೆ ರಜೆ ದಿನವೇ ಉತ್ತರ ಬರೆದಿಡಿ

ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲೇ ಒಳಗಿಂದ ಪ್ರಶ್ನೆ ಬರುತ್ತದೆ, ‘ಊಟಕ್ಕೆ ಏನು?’ ಅಂತ. ಆ ಹೊತ್ತಿಗೆ ಹೊಟ್ಟೆ ಹಸಿದಿರುತ್ತದೆ, ತಲೆ ಓಡುವುದಿಲ್ಲ. ಫ್ರಿಡ್ಜ್ ಬಾಗಿಲು ತೆಗೆದು ಎರಡು ನಿಮಿಷ ಸುಮ್ನೆ ನಿಲ್ಲುತ್ತೇವೆ, ಮುಚ್ಚುತ್ತೇವೆ, ಮತ್ತೆ ತೆಗೆಯುತ್ತೇವೆ. ತರಕಾರಿ ಇದೆ, ಆದರೆ ಹೆಚ್ಚಿಟ್ಟಿಲ್ಲ. ಕಾಳು ಇದೆ, ಆದರೆ ನೆನೆದಿಲ್ಲ. ಕೊನೆಗೆ ಹೊರಗಿನಿಂದ ತರಿಸುತ್ತೇವೆ, ತರಕಾರಿ ಇನ್ನೊಂದು ದಿನ ಬಾಡುತ್ತದೆ. ನನಗೆ ಅರ್ಥವಾದ ಮಟ್ಟಿಗೆ, ಒಲೆ ಮುಂದೆ ನಿಲ್ಲುವ ಅರ್ಧ ಗಂಟೆ ಯಾರಿಗೂ ಅಷ್ಟು ಭಾರ ಅಲ್ಲ. ಹಸಿದ ಹೊತ್ತಲ್ಲಿ ಏನು ಮಾಡಬೇಕು ಅಂತ ತೀರ್ಮಾನ ಮಾಡುವುದು ಭಾರ. ಆ ತೀರ್ಮಾನವನ್ನು ವಾರಕ್ಕೊಮ್ಮೆ, ಹೊಟ್ಟೆ ತುಂಬಿರುವಾಗ, ಒಂದೇ ಸಲ ಮುಗಿಸಿಬಿಡಿ. ಹೇಗೆ ಅಂತ ಹೇಳುತ್ತೇನೆ.

ಒಂದು ಹಾಳೆ ತೆಗೆದುಕೊಳ್ಳಿ. ಅದರಲ್ಲಿ ಮೊದಲೇ ಅಡುಗೆಯ ಹೆಸರು ಬರೆಯಬೇಡಿ, ವಾರ ಹೇಗಿದೆ ಅಂತ ಬರೆಯಿರಿ. ಯಾವ ದಿನ ಯಾರು ತಡವಾಗಿ ಬರುತ್ತಾರೆ, ಯಾವ ದಿನ ಮಕ್ಕಳಿಗೆ ಪರೀಕ್ಷೆ ಇದೆ, ಯಾವ ದಿನ ಎಲ್ಲರೂ ಒಟ್ಟಿಗೆ ಕೂತು ಊಟ ಮಾಡುತ್ತೀರಿ. ಇದನ್ನು ನೋಡದೆ ಮಾಡಿದ ಪಟ್ಟಿ ಮಂಗಳವಾರಕ್ಕೇ ಕೈಕೊಡುತ್ತದೆ. ತಡವಾಗುವ ದಿನಕ್ಕೆ ಬಿಸಿ ಮಾಡಿದರೆ ಸಾಕು ಅನ್ನುವಂಥ ಅಡುಗೆ, ಬಿಡುವಿರುವ ದಿನಕ್ಕೆ ಬೇಕಾದರೆ ಹೊಸದೊಂದು ಪ್ರಯತ್ನ.

ಆಮೇಲೆ ಫ್ರಿಡ್ಜ್ ನೋಡಿ. ಯಾವುದು ಮೊದಲು ಬಾಡುತ್ತದೋ ಅದು ಮೊದಲು ಒಲೆಗೆ ಹೋಗಬೇಕು. ಸೊಪ್ಪು, ಅಣಬೆ ಮೊದಲ ಎರಡು ದಿನಕ್ಕೆ. ಬೀನ್ಸ್, ಹೂಕೋಸು ನಡುವೆ. ಎಲೆಕೋಸು, ಕ್ಯಾರೆಟ್, ಆಲೂಗಡ್ಡೆ, ಕುಂಬಳಕಾಯಿ ವಾರದ ಕೊನೆಗೆ, ಅವು ಕಾಯುತ್ತವೆ. ಸೇಬು, ಬಾಳೆಹಣ್ಣು, ಟೊಮೆಟೊ ಮಾಗುವಾಗ ಎಥಿಲೀನ್ ಅನ್ನುವ ಅನಿಲ ಬಿಡುತ್ತವೆ, ಅದು ಪಕ್ಕದಲ್ಲಿರುವ ಸೊಪ್ಪನ್ನು ಬೇಗ ಹಳದಿ ಮಾಡುತ್ತದೆ. ಅದಕ್ಕೇ ಹಣ್ಣು ಒಂದು ಕಡೆ, ಸೊಪ್ಪು ಇನ್ನೊಂದು ಕಡೆ ಇಡಿ. ಈರುಳ್ಳಿ ಆಲೂಗಡ್ಡೆಯನ್ನೂ ಒಂದೇ ಬುಟ್ಟಿಗೆ ಹಾಕಬೇಡಿ, ಎರಡೂ ಬೇಗ ಕೆಡುತ್ತವೆ.

ಏಳೂ ದಿನ ತುಂಬಿಸಬೇಡಿ, ಇದು ಮುಖ್ಯ. ಐದು ದಿನ ಬರೆಯಿರಿ, ಎರಡು ದಿನ ಖಾಲಿ ಬಿಡಿ. ಒಂದು ದಿನ ಉಳಿದಿದ್ದನ್ನೆಲ್ಲ ಖಾಲಿ ಮಾಡಲು, ಇನ್ನೊಂದು ದಿನ ಯಾರೋ ಬಂದರು, ಯಾರಿಗೋ ಹುಷಾರಿಲ್ಲ, ಅಂಥದ್ದಕ್ಕೆ. ಹೋದ ವಾರದ್ದೇ ಮೂರು ಅಡುಗೆ ಈ ವಾರವೂ ಬಂದರೆ ಬರಲಿ ಬಿಡಿ, ಮನೆಯಲ್ಲಿ ಯಾರೂ ಲೆಕ್ಕ ಇಡುವುದಿಲ್ಲ.

ಅಡುಗೆ ಮಾಡಿಡಬೇಡಿ, ಅರ್ಧ ಮಾಡಿಡಿ

ರಜೆ ದಿನ ಕೂತು ಐದು ದಿನದ ಅಡುಗೆ ಪೂರ್ತಿ ಮಾಡಿ ಡಬ್ಬಿ ತುಂಬಿಸುವವರಿದ್ದಾರೆ. ನಾನೂ ಸ್ವಲ್ಪ ದಿನ ಮಾಡಿದೆ. ಗುರುವಾರದ ಹೊತ್ತಿಗೆ ಆ ಡಬ್ಬಿ ನೋಡಿದರೆ ಮಕ್ಕಳು ಮುಖ ತಿರುಗಿಸುತ್ತಿದ್ದರು. ಈಗ ಮಾಡುವುದು ಬೇರೆ. ಹೊತ್ತು ತಿನ್ನುವ ಕೆಲಸ ಮಾತ್ರ ಮುಂಚೆ ಮುಗಿಸುತ್ತೇನೆ, ರುಚಿ ಕೊಡುವ ಕೆಲಸ ಆಯಾ ದಿನ. ಕಾಳು ಬೇಯಿಸುವುದು, ಈರುಳ್ಳಿ ಹುರಿಯುವುದು, ಗಟ್ಟಿ ತರಕಾರಿ ಹೆಚ್ಚುವುದು, ಮೊಟ್ಟೆ ಬೇಯಿಸುವುದು, ಇಷ್ಟೇ. ಚಿಪ್ಪಿನೊಳಗೇ ಇದ್ದರೆ ಬೆಂದ ಮೊಟ್ಟೆ ಫ್ರಿಡ್ಜ್‌ನಲ್ಲಿ ಒಂದು ವಾರ ಇರುತ್ತದೆ.

ಕಾಳಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಒಂದು ಕಪ್ ಒಣ ಕಾಳು ಬೆಂದರೆ ಎರಡೂವರೆ ಮೂರು ಕಪ್ ಆಗುತ್ತದೆ. ಹಾಗಾಗಿ ಎರಡು ಕಪ್ ನೆನೆಹಾಕಿದರೆ ನಾಲ್ಕು ಜನಕ್ಕೆ ಎರಡು ಮೂರು ಊಟದ ಬುನಾದಿ ಸಿಕ್ಕಂತೆ. ಮೊದಲ ದಿನ ಅದನ್ನು ತೆಳ್ಳಗೆ ಸೂಪ್ ಮಾಡಿ, ಎರಡನೇ ದಿನ ನುಣ್ಣಗೆ ಮಸೆದು ಮಸಾಲೆ ಹಾಕಿ ಬ್ರೆಡ್ ಜೊತೆ ಕೊಡಿ, ಮಿಕ್ಕಿದ್ದಕ್ಕೆ ಹಸಿ ಈರುಳ್ಳಿ ಸೌತೆಕಾಯಿ ನಿಂಬೆರಸ ಬೆರೆಸಿದರೆ ಸಲಾಡ್. ಮೂರಕ್ಕೂ ಕಾಳು ಒಂದೇ ಅಂತ ಯಾರಿಗೂ ಅನ್ನಿಸುವುದಿಲ್ಲ. ಬೇಯುವ ಮೊದಲೇ ಟೊಮೆಟೊ ಅಥವಾ ಬೇರೆ ಹುಳಿ ಹಾಕಬೇಡಿ. ಹುಳಿ ಬಿದ್ದರೆ ಕಾಳಿನ ಸಿಪ್ಪೆ ಮೆತ್ತಗಾಗುವುದೇ ಇಲ್ಲ, ಗಂಟೆಗಟ್ಟಲೆ ಬೇಯಿಸಿದರೂ ಹಲ್ಲಿಗೆ ಸಿಕ್ಕುತ್ತದೆ. ಉಪ್ಪು ಹಾಕಬಹುದು, ತೊಂದರೆ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ. ಕೆಂಪು ರಾಜ್ಮಾ ಕಾಳಿನಲ್ಲಿ ಹಸಿಯಿದ್ದಾಗ ಒಂದು ವಿಷದ ಅಂಶ ಇರುತ್ತದೆ, ಅರೆಬೆಂದಿದ್ದನ್ನು ತಿಂದರೆ ಕೆಲವೇ ಗಂಟೆಯಲ್ಲಿ ವಾಂತಿ ಭೇದಿ ಶುರುವಾಗುತ್ತದೆ. ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಕೊತಕೊತ ಕುದಿಸಿ, ಆಮೇಲೆ ಮೆತ್ತಗಾಗುವವರೆಗೆ ಬೇಯಿಸಿ. ಪ್ರೆಷರ್ ಕುಕ್ಕರ್ ಆದರೆ ಚಿಂತೆ ಇಲ್ಲ. ಸಣ್ಣ ಶಾಖದಲ್ಲಿ ದಿನವಿಡೀ ಬೇಯುವ ಸ್ಲೋ ಕುಕ್ಕರ್‌ಗೆ ನೆನೆದ ರಾಜ್ಮಾವನ್ನು ನೇರ ಹಾಕಬೇಡಿ, ಆ ಶಾಖ ಸಾಲುವುದಿಲ್ಲ.

ಇನ್ನು ಈರುಳ್ಳಿ. ವಾರದ ದಿನಗಳಲ್ಲಿ ಅತಿ ಹೆಚ್ಚು ಹೊತ್ತು ಉಳಿಸಿಕೊಡುವುದು ಇದೇ. ಒಂದು ಕಿಲೋ ಈರುಳ್ಳಿ ಉದ್ದಕ್ಕೆ ಹೆಚ್ಚಿ, ಅಗಲವಾದ ದಪ್ಪ ತಳದ ಬಾಣಲೆಗೆ ಎಣ್ಣೆ ಮತ್ತು ಚಿಟಿಕೆ ಉಪ್ಪಿನ ಜೊತೆ ಹಾಕಿ. ಮೊದಲ ಹತ್ತು ನಿಮಿಷ ಏನೂ ಆಗುತ್ತಿಲ್ಲ ಅನ್ನಿಸುತ್ತದೆ, ಬರೀ ನೀರು ಬಿಟ್ಟುಕೊಂಡು ಹಬೆಯಾಡುತ್ತದೆ. ಆಗ ಆತುರಪಟ್ಟು ಉರಿ ಜಾಸ್ತಿ ಮಾಡಬೇಡಿ. ಸ್ವಲ್ಪ ಹೊತ್ತಿಗೆ ಸದ್ದು ಬದಲಾಗುತ್ತದೆ, ಗುಳುಗುಳು ಹೋಗಿ ಚುರುಚುರು ಬರುತ್ತದೆ. ನೀರು ಮುಗಿದಿದೆ ಅಂತ ಅರ್ಥ. ಇನ್ನು ಮುಂದೆ ಬಣ್ಣ ಬರುವುದು, ಕಣ್ಣು ಅಲ್ಲೇ ಇರಬೇಕು. ತಳದಲ್ಲಿ ಕಂದು ಪದರ ಕೂರುತ್ತದೆ, ಅದೇ ರುಚಿ. ಎರಡು ಚಮಚ ನೀರು ಚಿಮುಕಿಸಿ ಸೌಟಿನಿಂದ ಕೆರೆದು ಈರುಳ್ಳಿಗೆ ಸೇರಿಸಿ, ಒಣಗಲು ಬಿಡಿ, ಮತ್ತೆ ಚಿಮುಕಿಸಿ. ಹೀಗೆ ಮೂರು ನಾಲ್ಕು ಸಲ. ಒಟ್ಟು 40 ರಿಂದ 45 ನಿಮಿಷ ಬೇಕು, ಹತ್ತು ನಿಮಿಷದಲ್ಲಿ ಆಗುತ್ತದೆ ಅಂತ ಬರೆದಿರುವ ಪಾಕವಿಧಾನ ನಂಬಬೇಡಿ. ಬಾಣಲೆ ತುಂಬ ಇದ್ದಿದ್ದು ಒಂದು ಬಟ್ಟಲಿಗೆ ಇಳಿಯುತ್ತದೆ. ತಣ್ಣಗಾದ ಮೇಲೆ ಐಸ್ ಟ್ರೇಗೆ ತುಂಬಿ ಫ್ರೀಜ್ ಮಾಡಿ, ಗಟ್ಟಿಯಾದ ಮೇಲೆ ಬಿಡಿಸಿ ಡಬ್ಬಿಗೆ ಹಾಕಿಡಿ. ಸಂಜೆ ಎರಡು ತುಂಡು ಬಾಣಲೆಗೆ ಹಾಕಿದರೆ ಮುಕ್ಕಾಲು ಗಂಟೆ ಕೆಲಸ ಎರಡು ನಿಮಿಷದಲ್ಲಿ ಆದಂತೆ.

ತಣಿಸುವುದರಲ್ಲೇ ಇರುವುದು ಎಲ್ಲ

ಮುಂಚೆ ಮಾಡಿಡುವವರು ಸೋಲುವುದು ಇಲ್ಲಿ. ಒಮ್ಮೆ ದೊಡ್ಡ ಪಾತ್ರೆ ತುಂಬ ಬೇಳೆ ಬೇಯಿಸಿ, ಅದೇ ಪಾತ್ರೆಯನ್ನು ಮುಚ್ಚಳ ಹಾಕಿ ಹಾಗೇ ಫ್ರಿಡ್ಜ್‌ಗೆ ತಳ್ಳಿ ಮಲಗಿದ್ದೆ. ಬೆಳಿಗ್ಗೆ ಮೇಲೆ ತಣ್ಣಗಿತ್ತು, ಸೌಟು ನಡುವೆ ಇಳಿಸಿದರೆ ಇನ್ನೂ ಉಗುರು ಬೆಚ್ಚಗೆ, ಹಳಸಿದ ವಾಸನೆ. ಪೂರ್ತಿ ಚೆಲ್ಲಬೇಕಾಯಿತು, ಆವತ್ತು ನಿಜಕ್ಕೂ ಬೇಜಾರಾಯಿತು. ಕಾರಣ ಸರಳ. 5 ಡಿಗ್ರಿಯಿಂದ 60 ಡಿಗ್ರಿ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ, ದೊಡ್ಡ ಪಾತ್ರೆಯ ನಡುಭಾಗ ಆ ಶಾಖದಲ್ಲಿ ಗಂಟೆಗಟ್ಟಲೆ ಕೂರುತ್ತದೆ. ಅದಕ್ಕೆ ಬಿಸಿ ಅಡುಗೆಯನ್ನು ಅಗಲವಾದ ಆಳವಿಲ್ಲದ ಡಬ್ಬಿಗಳಿಗೆ ಹರಡಿ, ಐದು ಸೆಂಟಿಮೀಟರ್‌ಗಿಂತ ಎತ್ತರ ಬೇಡ. ಹೊಗೆಯಾಡುವುದು ನಿಂತ ಮೇಲೆ ಫ್ರಿಡ್ಜ್‌ಗೆ. ಹೇಗೇ ಆದರೂ ಎರಡು ಗಂಟೆಗಿಂತ ಜಾಸ್ತಿ ಹೊರಗೆ ಬಿಡಬೇಡಿ.

ಅನ್ನಕ್ಕೆ ಇನ್ನೂ ಬಿಗಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು, ಅವು ಕುದಿಸಿದರೂ ಸಾಯುವುದಿಲ್ಲ. ಅನ್ನ ಹೊರಗೆ ಉಳಿದರೆ ಅವು ಬೆಳೆದು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ನಾನು ಒಂದು ಗಂಟೆಯೊಳಗೆ ಫ್ರಿಡ್ಜ್‌ಗೆ ಹಾಕಿ ಮರುದಿನವೇ ಮುಗಿಸುತ್ತೇನೆ, ಒಂದೇ ಸಲ ಬಿಸಿ ಮಾಡುತ್ತೇನೆ. ಬೇರೆ ಅಡುಗೆ ಫ್ರಿಡ್ಜ್‌ನಲ್ಲಿ ಮೂರು, ಹೆಚ್ಚೆಂದರೆ ನಾಲ್ಕು ದಿನ. ಅದಕ್ಕಿಂತ ಆಚೆಯದ್ದು ಮೊದಲ ದಿನವೇ ಫ್ರೀಜರ್‌ಗೆ ಹೋಗಬೇಕು. ಬಿಸಿ ಮಾಡುವಾಗ ನಡುವೆಯೂ ಹಬೆ ಏಳಬೇಕು. ಹಸಿ ಮಾಂಸ ತರುವವರು ಅದನ್ನು ಫ್ರಿಡ್ಜ್‌ನ ಕೆಳಗಿನ ಅಂತಸ್ತಿನಲ್ಲೇ ಮುಚ್ಚಿ ಇಡಿ, ನೀರು ಬೇರೆಯದರ ಮೇಲೆ ತೊಟ್ಟಿಕ್ಕಬಾರದು.

ಫ್ರೀಜ್ ಮಾಡುವ ಚೀಲವನ್ನು ಚಪ್ಪಟೆಯಾಗಿ ಮಲಗಿಸಿ, ಪುಸ್ತಕದಂತೆ ಜೋಡಿಸಬಹುದು, ಬೇಗ ಕರಗುತ್ತದೆ ಕೂಡ. ಹೆಸರು ತಾರೀಕು ಬರೆದು ಅಂಟಿಸಿ. ನೆನಪಿರುತ್ತದೆ ಅನ್ನಿಸುತ್ತದೆ, ಇರುವುದಿಲ್ಲ. ತಿಂಗಳಾದ ಮೇಲೆ ಎಲ್ಲ ಒಂದೇ ಬಣ್ಣದ ಕಲ್ಲು.

ವಾರಕ್ಕೊಂದು ಸಲ ಓವನ್

ಬೇಕಿಂಗ್ ಅಂದರೆ ಪುರುಸೊತ್ತಿದ್ದವರ ಕೆಲಸ ಅಂತ ತುಂಬಾ ಜನ ದೂರ ಇಡುತ್ತಾರೆ. ಆದರೆ ಮಫಿನ್ ಕಲಸಲು ಹತ್ತು ನಿಮಿಷ ಸಾಕು, ಬೇಯಲು ಇಪ್ಪತ್ತು, ಆ ಇಪ್ಪತ್ತು ನಿಮಿಷದಲ್ಲಿ ನೀವು ತರಕಾರಿ ಹೆಚ್ಚುತ್ತಿರುತ್ತೀರಿ. ಹನ್ನೆರಡು ಮಫಿನ್ ಅಂದರೆ ಮಕ್ಕಳ ಡಬ್ಬಿಗೆ ಮೂರು ನಾಲ್ಕು ದಿನದ ಚಿಂತೆ ಇಲ್ಲ.

ಓವನ್ 190 ಡಿಗ್ರಿಗೆ ಕಾಯಲು ಇಡಿ, ಫ್ಯಾನ್ ಇರುವ ಓವನ್ ಆದರೆ 170. ಒಂದು ಪಾತ್ರೆಯಲ್ಲಿ 250 ಗ್ರಾಂ ಮೈದಾ, 120 ಗ್ರಾಂ ಸಕ್ಕರೆ, ಎರಡೂವರೆ ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಉಪ್ಪು. ಇನ್ನೊಂದರಲ್ಲಿ ಎರಡು ಮೊಟ್ಟೆ, 200 ಮಿಲಿ ಹಾಲು, 80 ಮಿಲಿ ಎಣ್ಣೆ. ಮಾಗಿ ಕಪ್ಪಾದ ಬಾಳೆಹಣ್ಣು ಇದ್ದರೆ ಎರಡು ಹಿಸುಕಿ ಹಾಕಿ ಹಾಲನ್ನು 100 ಮಿಲಿಗೆ ಇಳಿಸಿ. ಅರ್ಧ ಮೈದಾ ಬದಲು ಗೋಧಿ ಹಿಟ್ಟು ಹಾಕಬಹುದು, ಆಗ ಹಾಲು ಎರಡು ಚಮಚ ಜಾಸ್ತಿ. ಹಿಟ್ಟನ್ನು ದಯವಿಟ್ಟು ತೂಕ ಮಾಡಿ. ಚಮಚದಿಂದ ಸುರಿದು ತುಂಬಿದ ಕಪ್‌ನಲ್ಲಿ 120-125 ಗ್ರಾಂ ಬರುತ್ತದೆ, ಅದೇ ಕಪ್ಪನ್ನು ಡಬ್ಬಿಗೆ ಅದ್ದಿ ತುಂಬಿದರೆ 150 ದಾಟಬಹುದು. ಕೇಕ್ ಒಣ ಒಣ ಆಯಿತು ಅನ್ನುವವರ ಮನೆಯಲ್ಲಿ ತಪ್ಪು ಹೆಚ್ಚಾಗಿ ಇಲ್ಲೇ.

ಈಗ ದ್ರವವನ್ನು ಹಿಟ್ಟಿಗೆ ಸುರಿದು ಕಲಸಿ. ಇಲ್ಲಿ ಕೈ ಹಿಡಿತದಲ್ಲಿರಲಿ. ಹತ್ತು ಹನ್ನೆರಡು ಸಲ ತಳದಿಂದ ಮೇಲಕ್ಕೆ ಮಗುಚಿದರೆ ಸಾಕು. ಒಣ ಹಿಟ್ಟು ಕಾಣದಿದ್ದರೆ ನಿಲ್ಲಿಸಿ, ಸಣ್ಣ ಗಂಟುಗಳು ಇದ್ದರೆ ಇರಲಿ, ಅವು ಒಳಗೆ ಕರಗುತ್ತವೆ. ನುಣ್ಣಗಾಗುವವರೆಗೆ ತಿರುವುತ್ತಾ ಹೋದರೆ ಹಿಟ್ಟಿನಲ್ಲಿರುವ ಗ್ಲುಟೆನ್ ಎಳೆ ಕಟ್ಟಿಕೊಂಡು ಮಫಿನ್ ರಬ್ಬರ್ ಥರ ಆಗುತ್ತದೆ, ಒಳಗೆ ಉದ್ದುದ್ದ ತೂತು ಬೀಳುತ್ತದೆ. ಚಮಚ ಎತ್ತಿದರೆ ಹಿಟ್ಟು ಹರಿಯಬಾರದು, ದಪ್ಪಗೆ ಪೊತ್ ಅಂತ ಬೀಳಬೇಕು. ಅಚ್ಚಿನ ಮುಕ್ಕಾಲು ಭಾಗ ತುಂಬಿ, ತಡ ಮಾಡದೆ ಒಳಗಿಡಿ. 15 ನಿಮಿಷದವರೆಗೆ ಬಾಗಿಲು ತೆಗೆಯಬೇಡಿ, ಕುಸಿಯುತ್ತದೆ. 18 ರಿಂದ 22 ನಿಮಿಷಕ್ಕೆ ಕಡ್ಡಿ ಚುಚ್ಚಿ ನೋಡಿ, ಹಸಿ ಹಿಟ್ಟು ಅಂಟದಿದ್ದರೆ ಆಯಿತು.

ಉಬ್ಬಲೇ ಇಲ್ಲವಾ? ಬೇಕಿಂಗ್ ಪೌಡರ್ ಹಳೆಯದಾಗಿರುತ್ತದೆ. ಅರ್ಧ ಚಮಚವನ್ನು ಬಿಸಿ ನೀರಿಗೆ ಹಾಕಿ, ಬುಸ್ಸೆಂದು ನೊರೆ ಬರದಿದ್ದರೆ ಬಿಸಾಡಿ. ಅದರ ಬದಲು ಅಡುಗೆ ಸೋಡಾ ಅಷ್ಟೇ ಅಳತೆ ಹಾಕಬೇಡಿ. ಸೋಡಾ ಸುಮಾರು ಮೂರು ಪಟ್ಟು ಜೋರು, ಮೊಸರು ನಿಂಬೆರಸದಂಥ ಹುಳಿ ಇಲ್ಲದಿದ್ದರೆ ಸಾಬೂನಿನ ರುಚಿ ಬರುತ್ತದೆ. ಹೊತ್ತು ಸರಿಯಿದ್ದರೂ ಪ್ರತಿ ಸಲ ಸುಟ್ಟರೆ ಅಥವಾ ಹಸಿಯಾಗಿ ಉಳಿದರೆ, ಓವನ್ ತೋರಿಸುವ ಶಾಖವೇ ತಪ್ಪಿರಬಹುದು, ಒಳಗಿಡುವ ಚಿಕ್ಕ ಥರ್ಮಾಮೀಟರ್ ತಂದುಕೊಳ್ಳಿ.

ಮಫಿನ್ ಎರಡು ದಿನ ಹೊರಗೆ ಡಬ್ಬಿಯಲ್ಲಿ, ಮಿಕ್ಕಿದ್ದು ಫ್ರೀಜರ್‌ನಲ್ಲಿ ಎರಡು ತಿಂಗಳು. ಬ್ರೆಡ್ಡನ್ನು ಮಾತ್ರ ಫ್ರಿಡ್ಜ್‌ನಲ್ಲಿ ಇಡಬೇಡಿ. ಆ ತಂಪಿನಲ್ಲಿ ಅದರ ಪಿಷ್ಟ ಬೇಗ ಗಟ್ಟಿಯಾಗಿ ಒಣಗಿದಂತೆ ಆಗುತ್ತದೆ. ಇವತ್ತು ನಾಳೆಗೆ ಹೊರಗೆ, ಉಳಿದದ್ದನ್ನು ಹೋಳು ಮಾಡಿ ಫ್ರೀಜರ್‌ಗೆ, ಬೇಕಾದಾಗ ಒಂದೊಂದೇ ತೆಗೆದು ಬಿಸಿ ಮಾಡಿ.

ಒಬ್ಬರೇ ಎಲ್ಲ ಮಾಡುತ್ತಿದ್ದರೆ ಈ ಪಟ್ಟಿ ಎರಡು ವಾರವೂ ನಡೆಯುವುದಿಲ್ಲ. ಹಾಳೆಯನ್ನು ಫ್ರಿಡ್ಜ್ ಬಾಗಿಲಿಗೆ ಅಂಟಿಸಿ, ಪ್ರತಿ ದಿನದ ಪಕ್ಕ ಏನು ಅನ್ನುವುದರ ಜೊತೆ ಯಾರು ಅನ್ನುವುದನ್ನೂ ಬರೆಯಿರಿ. ಆರು ವರ್ಷದ ಮಗುವಿಗೆ ಬೆಂದ ಮೊಟ್ಟೆಯ ಸಿಪ್ಪೆ ಸುಲಿಯಲು ಬರುತ್ತದೆ, ಮಫಿನ್ ಹಿಟ್ಟು ಕಲಸಲು ಬರುತ್ತದೆ. ಹದಿನಾಲ್ಕರ ಹುಡುಗ ಅಕ್ಕಿ ತೊಳೆದು ಒಲೆಗೆ ಇಡಬಲ್ಲ. ಮೊದಲು ಮನೆಗೆ ಬಂದವರು ಹಾಳೆ ನೋಡಿ ಶುರು ಮಾಡಲಿ, ಯಾರೂ ಯಾರನ್ನೂ ಕೇಳುವ ಹಾಗಿರಬಾರದು.

ಇನ್ನೊಂದು ಅಭ್ಯಾಸ ಮಾಡಿಕೊಳ್ಳಿ. ರಾತ್ರಿ ಪಾತ್ರೆ ತೊಳೆದು ಕೈ ಒರೆಸಿಕೊಂಡ ಮೇಲೆ ದೀಪ ಆರಿಸುವ ಮುಂಚೆ ಹಾಳೆಯ ಮುಂದಿನ ಸಾಲು ನೋಡಿ. ನಾಳೆಯ ಡಬ್ಬಿಯನ್ನು ಫ್ರೀಜರ್‌ನಿಂದ ಕೆಳಗೆ ಫ್ರಿಡ್ಜ್‌ಗೆ ಇಳಿಸಿ, ಬೆಳಿಗ್ಗೆಯೊಳಗೆ ಅದು ತಾನೇ ಕರಗುತ್ತದೆ. ಕಾಳು ಬೇಕಿದ್ದರೆ ಒಂದು ಬಟ್ಟಲು ತೊಳೆದು ನೀರು ಹಾಕಿಟ್ಟು ಮಲಗಿ.