ಕೈಟ್‌ಬೋರ್ಡ್ ಸಾಮಾನನ್ನು ವಿಮಾನದಲ್ಲಿ ಒಯ್ಯುವುದು ಹೇಗೆ? ಮೊದಲು ಉದ್ದ ನೋಡಿ, ಆಮೇಲೆ ತೂಕ

ಕೈಟ್‌ಬೋರ್ಡಿಂಗ್ ಅಂದರೆ ಕಾಲಡಿ ಹಲಗೆ (ಬೋರ್ಡ್) ಕಟ್ಟಿಕೊಂಡು, ದೊಡ್ಡ ಗಾಳಿಪಟದ (ಕೈಟ್) ಎಳೆತಕ್ಕೆ ನೀರಿನ ಮೇಲೆ ಜಾರುವ ಆಟ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ಈ ಮೂರು ಜಿಲ್ಲೆಗಳಿಗೂ ಸಮುದ್ರವಿಲ್ಲ. ಕೆ.ಸಿ. ವ್ಯಾಲಿ, ಎಚ್.ಎನ್. ವ್ಯಾಲಿ ನೀರು ಬಂದ ಮೇಲೆ ಕೋಲಾರ, ಚಿಕ್ಕಬಳ್ಳಾಪುರದ ಎಷ್ಟೋ ಕೆರೆಗಳು ತುಂಬಿವೆ, ನಿಜ. ಆದರೆ ಅದು ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಬಿಟ್ಟ ನೀರು. ಅದರಲ್ಲಿ ಬೋರ್ಡ್ ಇಳಿಸುವ ಯೋಚನೆ ಬೇಡ. ನಮಗಿರುವ ಅನುಕೂಲವೆಂದರೆ ದೇವನಹಳ್ಳಿಯ ವಿಮಾನ ನಿಲ್ದಾಣ. ರಾಮೇಶ್ವರದ ಗಾಳಿ ಬೇಕೆಂದರೆ ಮದುರೈಗೆ ಹಾರಿ, ಅಲ್ಲಿಂದ ರಸ್ತೆಯಲ್ಲಿ ಸುಮಾರು 170 ಕಿ.ಮೀ. ಹೋಗಬೇಕು. ಶ್ರೀಲಂಕಾದ ಕಲ್ಪಿಟಿಯಕ್ಕೆ ಹೊರಟರೆ ಕೊಲಂಬೊ ವಿಮಾನ. ಎಲ್ಲಿಗೇ ಹೋದರೂ ಆಳುದ್ದದ ಚೀಲವೊಂದು ಜೊತೆಗೆ ಬರುತ್ತದೆ. ಅದನ್ನು ಕಟ್ಟುವುದು ಹೇಗೆ ಅನ್ನುವುದೇ ಈ ಲೇಖನ.

ಟಿಕೆಟ್‌ಗೂ ಮೊದಲು ಟೇಪು ಹಿಡಿಯಿರಿ

ಎಲ್ಲರೂ ತೂಕದ ಬಗ್ಗೆಯೇ ತಲೆ ಕೆಡಿಸಿಕೊಳ್ಳುತ್ತಾರೆ. ತೂಕ ಜಾಸ್ತಿಯಾದರೆ ದುಡ್ಡು ಕಟ್ಟಿದರೆ ಮುಗಿಯಿತು. ನಿಜವಾದ ತೊಡಕು ಉದ್ದದ್ದು. ಚೆಕ್-ಇನ್ ಬ್ಯಾಗಿನ ಉದ್ದ, ಅಗಲ, ಎತ್ತರ ಮೂರನ್ನೂ ಕೂಡಿದರೆ 158 ಸೆಂ.ಮೀ. ದಾಟಬಾರದು ಅನ್ನುವುದು ಹೆಚ್ಚಿನ ವಿಮಾನ ಸಂಸ್ಥೆಗಳ ಲೆಕ್ಕ. ಸಾಮಾನ್ಯ ಟ್ವಿನ್-ಟಿಪ್ (ಎರಡೂ ತುದಿ ಒಂದೇ ಆಕಾರದ) ಬೋರ್ಡ್ ಒಂದೇ 135ರಿಂದ 140 ಸೆಂ.ಮೀ. ಇರುತ್ತದೆ. ಚೀಲದ ಅಗಲ 45, ಎತ್ತರ 25 ಸೇರಿಸಿ ನೋಡಿ. 200 ದಾಟಿಬಿಡುತ್ತದೆ. ಅಂದರೆ ನಿಮ್ಮ ಚೀಲ ಎಷ್ಟೇ ಹಗುರವಾಗಿದ್ದರೂ ಅದು ದೊಡ್ಡ ಗಾತ್ರದ ಸಾಮಾನು.

ಹಾಗಾಗಿ ಟಿಕೆಟ್ ಮಾಡುವ ಮೊದಲೇ ವಿಮಾನ ಸಂಸ್ಥೆಗೆ ಫೋನ್ ಮಾಡಿ. ‘ಸ್ಪೋರ್ಟ್ಸ್ ಇಕ್ವಿಪ್‌ಮೆಂಟ್’ ಅಂತಲೇ ಹೇಳಿ, ಅಳತೆ, ತೂಕ ಎರಡನ್ನೂ ಕೊಡಿ. ಶುಲ್ಕ ಎಷ್ಟು, ಮೊದಲೇ ಬುಕ್ ಮಾಡಬೇಕಾ ಎಂದು ಕೇಳಿ. ಉತ್ತರವನ್ನು ಇ-ಮೇಲ್‌ನಲ್ಲಿ ತರಿಸಿಕೊಂಡು ಪ್ರಿಂಟ್ ಇಟ್ಟುಕೊಳ್ಳಿ. ಫೋನಿನಲ್ಲಿ ‘ಆಯ್ತು ಸರ್’ ಅಂದವರು ಕೌಂಟರಿನಲ್ಲಿ ಇರುವುದಿಲ್ಲ, ಅಲ್ವಾ? ಇನ್ನೊಂದು ವಿಷಯ. ಸಣ್ಣ ಊರುಗಳಿಗೆ ಎಷ್ಟೋ ಸಲ ರೆಕ್ಕೆಯಲ್ಲಿ ಫ್ಯಾನ್ ತಿರುಗುವ ಎಟಿಆರ್ ವಿಮಾನ ಹೋಗುತ್ತದೆ. ಅದರಲ್ಲಿ ಸಾಮಾನಿಗೆ ಜಾಗ ಕಡಿಮೆ. ಯಾವ ವಿಮಾನ ಅನ್ನುವುದನ್ನೂ ಕೇಳಿಬಿಡಿ.

ನನ್ನ ಅಭಿಪ್ರಾಯ ಕೇಳಿದರೆ, ನಾಲ್ಕೈದು ದಿನದ ಪ್ರವಾಸಕ್ಕೆ ಬೋರ್ಡ್ ಒಯ್ಯಲೇಬೇಡಿ. ಕಲಿಸುವ ಶಾಲೆಗಳಿರುವ ಕಡೆ ಬೋರ್ಡ್, ಕೈಟಿಗೆ ಗಾಳಿ ತುಂಬುವ ಪಂಪ್ ಬಾಡಿಗೆಗೆ ಸಿಗುತ್ತವೆ. ಮಡಚಿದ ಕೈಟ್ ಮುಕ್ಕಾಲು ಮೀಟರ್ ಚೀಲದಲ್ಲಿ ಕೂರುತ್ತದೆ. ಕೈಟ್, ಬಾರ್ (ಕೈಟ್ ನಡೆಸುವ ಹಿಡಿಕೋಲು), ಹಾರ್ನೆಸ್ (ಸೊಂಟಕ್ಕೆ ಕಟ್ಟುವ ಕೊಕ್ಕೆಯ ಪಟ್ಟಿ) ಮೂರೇ ಆದರೆ ಟ್ರೆಕ್ಕಿಂಗ್ ಬ್ಯಾಗು ಸಾಕು. 158ರ ಒಳಗೂ ಬರುತ್ತದೆ. ಎರಡು ವಾರ ಇರುವವರು, ತಮ್ಮ ಬೋರ್ಡ್ ಬಿಟ್ಟರೆ ಕಾಲೇ ನಿಲ್ಲದು ಅನ್ನುವವರು ಮುಂದೆ ಓದಿ. ಎರಡು ತುಂಡಾಗಿ ಬಿಚ್ಚಿ ಜೋಡಿಸುವ ಬೋರ್ಡ್‌ಗಳೂ ಇವೆ. ಬೆಲೆ ಹೆಚ್ಚು, ಆದರೆ ಆಗಾಗ ಹಾರುವವರಿಗೆ ಲೆಕ್ಕ ಸರಿಹೋಗುತ್ತದೆ.

ತೂಕದ ಲೆಕ್ಕ

ದೇಶದೊಳಗಿನ ಇಕಾನಮಿ ಟಿಕೆಟ್‌ನಲ್ಲಿ ಸಾಮಾನ್ಯವಾಗಿ 15 ಕೆ.ಜಿ. ಚೆಕ್-ಇನ್, 7 ಕೆ.ಜಿ. ಕೈಚೀಲ. ಬೋರ್ಡ್ ಪ್ಯಾಡ್ (ಕಾಲಿಡುವ ಮೆತ್ತೆ) ಸಮೇತ 4-5 ಕೆ.ಜಿ., ಎರಡು ಕೈಟ್ ಸುಮಾರು 7, ಬಾರ್ ಒಂದೂವರೆ, ಹಾರ್ನೆಸ್ ಎರಡು, ಪಂಪ್ ಎರಡು, ಖಾಲಿ ಚೀಲವೇ ಮೂರು. ಕೂಡಿದರೆ 20ರ ಆಸುಪಾಸು. ಬಟ್ಟೆ ಇನ್ನೂ ಬಂದೇ ಇಲ್ಲ. ಹೆಚ್ಚಿನ ತೂಕವನ್ನು ಆನ್‌ಲೈನ್‌ನಲ್ಲಿ ಮೊದಲೇ ಕೊಂಡರೆ ಕೌಂಟರಿಗಿಂತ ಅಗ್ಗ. ಕೊಕ್ಕೆ ಇರುವ ಸಣ್ಣ ಡಿಜಿಟಲ್ ತಕ್ಕಡಿ ಒಂದು ತೆಗೆದುಕೊಂಡು ಮನೆಯಲ್ಲೇ ತೂಗಿ. ಒಂದೇ ಚೀಲದಲ್ಲಿ 32 ಕೆ.ಜಿ. ಮೀರಿದರೆ ಹೆಚ್ಚು ದುಡ್ಡು ಕೊಡುತ್ತೇನೆ ಅಂದರೂ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ.

ಚೀಲಕ್ಕೆ ಸಾವಿರಾರು ರೂಪಾಯಿ ಸುರಿಯಬೇಕೆಂದಿಲ್ಲ. ಲಾರಿ, ಟ್ರ್ಯಾಕ್ಟರ್‌ಗೆ ಟಾರ್ಪಾಲ್ ಹೊಲಿಯುವ ಅಂಗಡಿಗಳು ನಮ್ಮ ಊರುಗಳಲ್ಲಿ ಬೇಕಾದಷ್ಟಿವೆ. ಬೋರ್ಡ್ ಒಯ್ದು ತೋರಿಸಿ, ಎರಡೂ ತುದಿಗೆ ನಾಲ್ಕು ಬೆರಳು ಜಾಸ್ತಿ ಬಿಟ್ಟು ಹೊಲಿಸಿ. ದಪ್ಪ ಜಿಪ್, ಸುತ್ತ ಬರುವ ಬೆಲ್ಟ್, ಮಧ್ಯದಲ್ಲೊಂದು ಹಿಡಿ. ಇಷ್ಟು ಹೇಳಿದರೆ ಅವರಿಗೆ ಅರ್ಥವಾಗುತ್ತದೆ.

ಕಟ್ಟುವ ಕ್ರಮ

ಹಿಂದಿನ ಸಲದ ಮರಳು, ಉಪ್ಪು ಉಳಿದಿದ್ದರೆ ಮೊದಲು ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಒದ್ದೆ ಕೈಟ್ ಭಾರ, ಮೇಲಾಗಿ ಬೂಸು ಹಿಡಿಯುತ್ತದೆ.

ಈಗ ಬೋರ್ಡ್. ಫಿನ್ (ಬೋರ್ಡಿನ ಅಡಿಯ ಸಣ್ಣ ರೆಕ್ಕೆ), ಪ್ಯಾಡ್, ಹಿಡಿ ಎಲ್ಲ ಬಿಚ್ಚಿ. ಬಿಚ್ಚಿದರೆ ಬೋರ್ಡ್ ಬರೀ ಹಲಗೆ, ಚೀಲದ ಎತ್ತರ ಅರ್ಧಕ್ಕೆ ಇಳಿಯುತ್ತದೆ. ಸ್ಕ್ರೂಗಳನ್ನು ಜಿಪ್ ಕವರಿನಲ್ಲಿ ಹಾಕಿ, ಎರಡು ಹೆಚ್ಚಿಗೆ ಇಡಿ. ಕಡಲ ತೀರದ ಊರಿನಲ್ಲಿ ಅದೇ ಅಳತೆಯ ತುಕ್ಕು ಹಿಡಿಯದ ಸ್ಕ್ರೂ ಹುಡುಕುವ ಪಾಡು ಬೇಡ. ಬೋರ್ಡಿಗೆ ಏಟು ಬೀಳುವುದು ನಡುವಿಗಲ್ಲ, ಎರಡು ತುದಿಗೆ ಮತ್ತು ಅಂಚಿಗೆ. ಎ.ಸಿ. ಮೆಕ್ಯಾನಿಕ್‌ಗಳು ಪೈಪಿಗೆ ಸುತ್ತುವ ಕಪ್ಪು ಫೋಮ್ ಕೊಳವೆ ಸಿಗುತ್ತದಲ್ಲ, ಅದನ್ನು ಉದ್ದಕ್ಕೆ ಸೀಳಿ ಅಂಚಿನ ಸುತ್ತ ತೊಡಿಸಿ ಟೇಪ್ ಹಾಕಿ. ಇದಕ್ಕಿಂತ ಅಗ್ಗದ, ಇದಕ್ಕಿಂತ ಒಳ್ಳೆಯ ರಕ್ಷಣೆ ನಾನಂತೂ ನೋಡಿಲ್ಲ.

ಕೈಟನ್ನು ಅದರ ಸ್ವಂತ ಚೀಲದಿಂದ ಹೊರಗೆ ತೆಗೆಯಿರಿ. ಆ ಚೀಲಗಳದ್ದೇ ಒಂದಿಷ್ಟು ತೂಕ ಉಳಿಯುತ್ತದೆ. ವಾಲ್ವ್‌ಗಳನ್ನು ತೆರೆದು ಮುಂಭಾಗದ ದೊಡ್ಡ ಕೊಳವೆ, ಅಡ್ಡ ಕೊಳವೆಗಳ ಗಾಳಿಯನ್ನೆಲ್ಲ ಒತ್ತಿ ಹೊರಹಾಕಿ. ತುದಿಯಿಂದ ನಡುವಿಗೆ ಸುತ್ತುತ್ತಾ ಬನ್ನಿ, ಹಾಸಿಗೆ ಸುತ್ತಿದ ಹಾಗೆ ಬಿಗಿಯಾಗಿ. ವಿಮಾನ ಮೇಲೇರಿದಾಗ ಒಳಗಿನ ಒತ್ತಡ ಸುಮಾರು 6,000ರಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಇಳಿಯುತ್ತದೆ. ಅಂದರೆ ನಂದಿ ಬೆಟ್ಟಕ್ಕಿಂತಲೂ ಎತ್ತರ. ಉಳಿದ ಗಾಳಿ ಅಲ್ಲಿ ಉಬ್ಬುತ್ತದೆ. ಅದಕ್ಕೇ ವಾಲ್ವ್ ಮುಚ್ಚಬೇಡಿ, ತೆರೆದೇ ಇರಲಿ. ಚೀಲದೊಳಗೆ ಮರಳು ಇಲ್ಲದಿದ್ದರೆ ಸಾಕು.

ಈಗ ಚೀಲಕ್ಕೆ ಇಳಿಸುವುದು. ಕೆಳಗೆ ಒಂದು ಕೈಟ್, ಮೇಲೆ ಬೋರ್ಡ್, ಅದರ ಮೇಲೆ ಇನ್ನೊಂದು ಕೈಟ್. ಕೈಟೇ ಮೆತ್ತೆ. ಒಂದೇ ಕೈಟ್ ಇದ್ದರೆ ಇನ್ನೊಂದು ಬದಿಗೆ ಟವೆಲ್, ಹಳೇ ಕಂಬಳಿ. ಆದರೆ ಕೈಟ್ ಬಟ್ಟೆಗೆ ಚೂಪು ವಸ್ತು ತಾಗಬಾರದು. ಹಾರ್ನೆಸ್ಸಿನ ಕಬ್ಬಿಣದ ಕೊಕ್ಕೆಗೆ ಹಳೇ ಸಾಕ್ಸ್ ತೊಡಿಸಿ. ಫಿನ್‌ಗಳನ್ನು ಪ್ಯಾಡಿನ ನಡುವೆ ಸೇರಿಸಿ ಕಟ್ಟಿ. ಬಾರಿನ ಲೈನ್‌ಗಳನ್ನು ಎಂಟರ ಆಕಾರದಲ್ಲಿ ಸುತ್ತಿ, ರಬ್ಬರ್ ಹಾಕಿ, ಹತ್ತಿ ಚೀಲವೊಂದರಲ್ಲಿ ಬೇರೆಯೇ ಇಡಿ. 20ರಿಂದ 24 ಮೀಟರ್ ಉದ್ದದ ನಾಲ್ಕು ದಾರ ಗೋಜಲಾದರೆ ಮೊದಲ ದಿನದ ಗಾಳಿಯೆಲ್ಲ ಬಿಡಿಸುವುದರಲ್ಲೇ ಹೋಗುತ್ತದೆ. ಪಂಪ್ ಒಂದು ಬದಿಗೆ. ಪೂರ್ತಿ ಟೇಪ್ ಸುತ್ತಿ ಮುಚ್ಚಬೇಡಿ. ಭದ್ರತೆಯವರು ತೆರೆಯಿರಿ ಅಂದರೆ ತೆರೆದು, ಅದೇ ಕ್ರಮದಲ್ಲಿ ಮತ್ತೆ ಮುಚ್ಚುವಂತಿರಬೇಕು. ಕಟ್ಟುವಾಗ ಒಂದೊಂದು ಹಂತಕ್ಕೂ ಫೋಟೊ ತೆಗೆದಿಡಿ. ಮುಂದೆ ಏನಾದರೂ ಮುರಿದರೆ ಅದೇ ಸಾಕ್ಷಿ.

ಯಾವುದು ಎಲ್ಲಿ, ಯಾವುದು ಬೇಡವೇ ಬೇಡ

ಸ್ಕ್ರೂಡ್ರೈವರ್, ಲೈನ್ ಕತ್ತರಿಸುವ ಚಾಕು, ಪಂಪ್, ಬಾರ್ ಎಲ್ಲ ಚೆಕ್-ಇನ್‌ಗೆ. ಪವರ್ ಬ್ಯಾಂಕ್, ಕ್ಯಾಮೆರಾದ ಹೆಚ್ಚುವರಿ ಬ್ಯಾಟರಿಗಳು ಕೈಚೀಲಕ್ಕೆ ಮಾತ್ರ. ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಕ್ಯಾಬಿನ್‌ನಲ್ಲಿ ಆರಿಸಬಹುದು, ಕೆಳಗಿನ ಸಾಮಾನು ಕೋಣೆಯಲ್ಲಿ ಕಷ್ಟ. 100 ವ್ಯಾಟ್-ಅವರ್‌ವರೆಗೆ ತೊಂದರೆಯಿಲ್ಲ. 100ರಿಂದ 160ರವರೆಗೆ ಸಂಸ್ಥೆಯ ಒಪ್ಪಿಗೆ ಬೇಕು. ಬ್ಯಾಟರಿ ಪಂಪ್ ಇದ್ದವರು ಬ್ಯಾಟರಿಯನ್ನು ಬಿಚ್ಚಿ ಕೈಚೀಲಕ್ಕೆ ಹಾಕಿ.

ಕೈಟ್ ಹರಿದರೆ ಅಂಟಿಸಲು ಟೇಪ್ ಒಯ್ಯಿರಿ. ಟ್ಯೂಬಿನ ಗಾಢ ವಾಸನೆಯ ಅಂಟು ಬೇಡ, ಅದು ಬೇಗ ಹೊತ್ತಿಕೊಳ್ಳುವ ವಸ್ತು. ಸಮುದ್ರದಲ್ಲಿ ಸುರಕ್ಷತೆಗೆಂದು ಸ್ಯಾಟಲೈಟ್ ಫೋನ್, ಸ್ಯಾಟಲೈಟ್ ಸಂದೇಶ ಕಳಿಸುವ ಉಪಕರಣ ಒಯ್ಯುವ ಆಸೆ ಇದ್ದರೆ ಬಿಟ್ಟುಬಿಡಿ. ಸರ್ಕಾರದ ಅನುಮತಿ ಇಲ್ಲದೆ ಭಾರತದಲ್ಲಿ ಅವನ್ನು ಇಟ್ಟುಕೊಳ್ಳುವಂತಿಲ್ಲ. ಇಂಥವನ್ನು ಹಿಡಿದು ಬಂದ ವಿದೇಶಿಯರನ್ನು ವಿಮಾನ ನಿಲ್ದಾಣಗಳಲ್ಲೇ ತಡೆದದ್ದುಂಟು. ಜಿಪಿಎಸ್ ಇರುವ ಕೈಗಡಿಯಾರಕ್ಕೆ ಏನೂ ಅಡ್ಡಿಯಿಲ್ಲ.

ತಿಪಟೂರು ಕಡೆಯವರಿಗೆ ಒಂದು ಮಾತು. ಹೋಗುವ ಊರಿನ ಗೆಳೆಯರಿಗೆ ಕೊಡೋಣ ಅಂತ ಕೊಬ್ಬರಿ ತುರುಕಬೇಡಿ. ಒಣ ಕೊಬ್ಬರಿ ತಾನಾಗಿ ಬಿಸಿಯೇರಬಲ್ಲ ವಸ್ತು ಅಂತ ವಿಮಾನದ ಅಪಾಯಕಾರಿ ಸರಕುಗಳ ಪಟ್ಟಿಯಲ್ಲೇ ಇದೆ. ಎರಡು ಕೊಬ್ಬರಿ ಬಟ್ಟಲಿಗೋಸ್ಕರ ಇಡೀ ಚೀಲ ಬಿಚ್ಚಿಸಿಕೊಳ್ಳುವುದು ಯಾಕೆ?

ದೇವನಹಳ್ಳಿವರೆಗೆ

ಚಿಕ್ಕಬಳ್ಳಾಪುರದವರಿಗೆ 44ನೇ ರಾಷ್ಟ್ರೀಯ ಹೆದ್ದಾರಿ ನೇರ. ಕೋಲಾರದವರು ವೇಮಗಲ್, ಎಚ್ ಕ್ರಾಸ್, ವಿಜಯಪುರದ ಮೇಲೆ ಬರಬಹುದು. ತುಮಕೂರಿನವರು ಡಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ ಬಂದರೆ ಬೆಂಗಳೂರಿನ ಗದ್ದಲಕ್ಕೆ ಸಿಗುವುದಿಲ್ಲ. ಬಸ್ಸಿನಲ್ಲಿ ಈ ಚೀಲ ಎತ್ತಿಡುವುದು ಕಷ್ಟ. ಚಿಕ್ಕಬಳ್ಳಾಪುರ–ಯಲಹಂಕ ಮಾರ್ಗದಲ್ಲಿ 2021ರಿಂದ ವಿಮಾನ ನಿಲ್ದಾಣದ ಹಾಲ್ಟ್ ಸ್ಟೇಷನ್ ಇದೆ, ಆದರೆ ರೈಲುಗಳು ಕಡಿಮೆ. ಕಾರೇ ಮೇಲು. ಹಿಂದಿನ ಸೀಟು ಮಡಚಿ ಓರೆಯಾಗಿ ಇಟ್ಟರೆ ಸಣ್ಣ ಕಾರಿನಲ್ಲೂ ಹಿಡಿಯುತ್ತದೆ. ಟಿಕೆಟ್‌ನಲ್ಲಿ ಯಾವ ಟರ್ಮಿನಲ್ ಎಂದು ನೋಡಿಕೊಂಡೇ ಹೊರಡಿ. ಈ ಚೀಲ ಹೊತ್ತು ಒಂದರಿಂದ ಎರಡಕ್ಕೆ ಅಲೆಯುವುದು ಸುಮ್ನೆ ಅಲ್ಲ.

ಮಾಮೂಲಿಗಿಂತ ಒಂದು ಗಂಟೆ ಮೊದಲು ಹೋಗಿ. ಟ್ಯಾಗ್ ಹಾಕಿದ ಮೇಲೂ ದೊಡ್ಡ ಸಾಮಾನನ್ನು ಬೇರೆ ಕಡೆ ಸ್ಕ್ಯಾನ್ ಮಾಡಿಸಬೇಕಾಗಬಹುದು. ‘ಲಿಮಿಟೆಡ್ ರಿಲೀಸ್’ ಟ್ಯಾಗಿಗೆ ಸಹಿ ಕೇಳಿದರೆ ಓದಿ ಸಹಿ ಮಾಡಿ. ಒಳಗಿನ ವಸ್ತು ಮುರಿದರೆ ಜವಾಬ್ದಾರಿ ನಮ್ಮದಲ್ಲ ಅನ್ನುವುದು ಅದರ ಅರ್ಥ. ಶ್ರೀಲಂಕಾಕ್ಕೆ ಹೋಗುವವರು ಬೆಲೆಬಾಳುವ ಸಾಮಾನನ್ನು ಕಸ್ಟಮ್ಸ್‌ನವರಿಗೆ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಂಡರೆ, ವಾಪಸ್ ಬರುವಾಗ ‘ಇದು ಅಲ್ಲಿ ಕೊಂಡದ್ದಾ?’ ಎಂಬ ಪ್ರಶ್ನೆ ಬರುವುದಿಲ್ಲ.

ಇಳಿದ ಮೇಲೆ ಬೆಲ್ಟ್ ಮುಂದೆಯೇ ಕಾಯಬೇಡಿ, ದೊಡ್ಡ ಸಾಮಾನು ಎಷ್ಟೋ ಕಡೆ ಪಕ್ಕದ ಬಾಗಿಲಿನಿಂದ ಬರುತ್ತದೆ. ಚೀಲ ಸಿಕ್ಕ ತಕ್ಷಣ ಅಲ್ಲೇ ಜಿಪ್ ತೆಗೆದು ಬೋರ್ಡಿನ ತುದಿ, ಅಂಚು ನೋಡಿ. ಬಿರುಕು ಕಂಡರೆ ಹೊರಗೆ ಹೋಗುವ ಮೊದಲು ಸಂಸ್ಥೆಯ ಬ್ಯಾಗೇಜ್ ಕೌಂಟರಿನಲ್ಲಿ ದೂರು ಬರೆಸಿ, ನಕಲು ಪಡೆಯಿರಿ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಹಾನಿಯ ಬಗ್ಗೆ ಲಿಖಿತ ದೂರು ಕೊಡಲು 7 ದಿನ ಅವಕಾಶವಿದೆ. ಆದರೆ ನಿಲ್ದಾಣದಿಂದ ಹೊರಬಂದ ಮೇಲೆ ಒಡೆದದ್ದು ವಿಮಾನದಲ್ಲೇ ಎಂದು ತೋರಿಸುವುದು ಕಷ್ಟದ ಕೆಲಸ.